ನನ್ನ ‘ಹೂಂ’ ತಡೆದ ಸೆಫೋ

ಮೂರು ವರ್ಷದ ಹಿಂದಿನ ಚಳಿಗಾಲದ ಮಾತು, ಶಿಕಾಗೋ ಹತ್ತಿರದ ನಮ್ಮೂರಿನಲ್ಲಿ. ಅಮೆರಿಕದ ಸಿಟಿಜನ್‌ಶಿಪ್‌ಗೆ ನಾನು ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಅದೇ ಹೊತ್ತಿಗೆ ನನ್ನ ಡ್ರೈವಿಂಗ್ ಲೈಸೆನ್ಸಿನ ಅವಧಿಯೂ ಮುಗಿಯುತ್ತಾ ಬಂತು. ಹೊರಗೆ ಹನ್ನೊಂದು ಡಿಗ್ರಿ. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹನ್ನೊಂದು ಅಂದರೆ ಮೂಗು ಇದೆಯೋ ಬಿದ್ದುಹೋಯಿತೋ ಎಂದು ಮುಟ್ಟಿ ನೋಡಿಕೊಳ್ಳುವಷ್ಟು ಚಳಿ. ನಮ್ಮವರು ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತರು. ನಾನೊಬ್ಬಳೇ ಲೈಸೆನ್ಸ್ ಆಫೀಸಿನ ಒಳಗೆ ಹೋದೆ.

ಮೊದಲೇ ನನ್ನದೊಂದು ಚಟ ಹೇಳಿಬಿಡುತ್ತೇನೆ. ನಾನು ಮಂಡ್ಯದ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಗಣಿತ ಕಲಿಸಿದವಳು. ಮಕ್ಕಳ ಮುಂದೆ ಹುಲಿ. ಆದರೆ ಮೇಜಿನ ಆಚೆ ಒಬ್ಬ ಅಧಿಕಾರಿ ಕೂತಿದ್ದರೆ ಸಾಕು, ಇಲಿ. ಅವರು ಏನು ಕೇಳಿದರೂ ‘ಹೂಂ’. ಅರ್ಥವಾಗದಿದ್ದರೂ ‘ಹೂಂ’. ಎರಡನೇ ಸಲ ಕೇಳಿದರೆ ಬೈದುಬಿಟ್ಟಾರು ಎಂಬ ಹೆದರಿಕೆ. ತಾಲ್ಲೂಕು ಕಚೇರಿಯ ಜವಾನನಿಗೂ ನಮ್ಮಪ್ಪ ಕೈಮುಗಿದು ನಿಲ್ಲುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಸಾಹೇಬರು ತೋರಿಸಿದ ಕಡೆ ಸಹಿ ಹಾಕಬೇಕು, ತಿರುಗಿ ನೋಡದೆ ಮನೆಗೆ ಬರಬೇಕು. ಇದೇ ನಮ್ಮ ಮನೆಯ ಕಲಿಕೆ.

ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳೇ, ಆದರೆ ಮಾತು ಮಾತ್ರ ಎಕ್ಸ್‌ಪ್ರೆಸ್ ಬಸ್ಸು. ವಿಳಾಸ ಅದೇನಾ? ಹೂಂ. ಕನ್ನಡಕ ಹಾಕ್ತೀರಾ? ಹೂಂ. ಸತ್ತಮೇಲೆ ಅಂಗದಾನ ಮಾಡ್ತೀರಾ? ಅದಕ್ಕೂ ಹೂಂ. ಇಲ್ಲಿ ಲೈಸೆನ್ಸ್ ಆಫೀಸಿನಲ್ಲೇ ವೋಟರ್ ಪಟ್ಟಿಗೂ ಸೇರಿಸಿಕೊಳ್ಳುತ್ತಾರೆ. ಆಮೇಲೆ ನನ್ನ ಮುಂದಿದ್ದ ಪುಟ್ಟ ಪರದೆ ತೋರಿಸಿ, ವೋಟರ್ ಪಟ್ಟಿಗೆ ಸೇರುವುದಿದ್ದರೆ ಅಲ್ಲಿ ಟಿಕ್ ಮಾಡಿ ಸೈನ್ ಮಾಡಿ ಅಂದಳು. ಪರದೆಯ ತುಂಬ ಇರುವೆ ಸಾಲಿನಂಥ ಅಕ್ಷರ, ಪಕ್ಕದಲ್ಲೊಂದು ಖಾಲಿ ಚೌಕ. ಓದುವ ಕನ್ನಡಕ ಕಾರಿನಲ್ಲೇ ಉಳಿದಿತ್ತು. ನಾನು ಹೂಂ ಎಂದು ಪೆನ್ನು ಎತ್ತಿದೆ.

‘ಮೇಡಂ, ನಿಲ್ಲಿ! ಅದನ್ನ ಒತ್ತಬೇಡಿ!’

ತಿರುಗಿ ನೋಡಿದರೆ ಪಕ್ಕದ ಕೌಂಟರಿನಲ್ಲಿ ಬಾಗಿಲಷ್ಟು ಅಗಲದ ಒಬ್ಬ ಮನುಷ್ಯ. ಗುಂಗುರು ಕೂದಲನ್ನು ಹಿಂದಕ್ಕೆ ಗಂಟು ಹಾಕಿದ್ದ, ತೋಳಿನ ತುಂಬ ಹಚ್ಚೆ. ಅವನ ದೊಡ್ಡ ಕೈ ನನ್ನ ಕೈಗೂ ಪರದೆಗೂ ಮಧ್ಯೆ ಬಂದಿತ್ತು. ನನಗೆ ರೇಗಿಹೋಯಿತು. ಇವನ್ಯಾರು, ನನಗೆ ಹೇಳೋಕೆ?

‘ಕ್ಷಮಿಸಿ. ನಿಮ್ಮ ಕೈಲಿರೋದು ಗ್ರೀನ್ ಕಾರ್ಡ್ ಅಲ್ವಾ? ಆ ಸಾಲಿನಲ್ಲಿ ಏನು ಬರೆದಿದೆ ಓದಿ. ನಾನು ಅಮೆರಿಕದ ಸಿಟಿಜನ್, ಪ್ರಮಾಣ ಮಾಡಿ ಹೇಳ್ತಿದೀನಿ ಅಂತ ಇದೆ.’

(ಅವನು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.)

ಕಣ್ಣು ಕಿರಿದು ಮಾಡಿ ಓದಿದೆ. ಹೌದು, ಹಾಗೇ ಇತ್ತು. ಕೌಂಟರಿನ ಹುಡುಗಿಗೂ ಗಾಬರಿ, ‘ಅಯ್ಯೋ, ಹಾಗಾದ್ರೆ ಬೇಡ ಬೇಡ’ ಎಂದು ಪರದೆಯಲ್ಲಿ ಮುಂದಿನ ಪುಟ ತಂದಳು. ಆಗಲೂ ನನಗೆ ಅದರ ಗಂಭೀರತೆ ತಿಳಿಯಲಿಲ್ಲ. ಫೋಟೊಗೆ ಕಾಯುತ್ತಾ ಕೂತಾಗ, ಆನ್ ಆರ್ಬರ್ ಊರಿನ ಯೂನಿವರ್ಸಿಟಿಯಲ್ಲಿ ಕಾನೂನು ಓದುತ್ತಿದ್ದ ಮಗಳು ಮೇಘನಾಗೆ ಫೋನ್ ಮಾಡಿ, ಹೀಗೊಂದು ತಮಾಷೆ ಆಯ್ತು ಕಣೇ ಎಂದೆ.

‘ಅಮ್ಮಾ, ದಟ್ಸ್ ನಾಟ್ ಫನ್ನಿ! ಯು ಕುಡ್ ಹ್ಯಾವ್ ಲಾಸ್ಟ್ ಎವ್ರಿಥಿಂಗ್. ಸಿಟಿಜನ್ ಅಂತ ಸುಳ್ಳು ಸೈನ್ ಮಾಡಿದ್ರೆ ಸಿಟಿಜನ್‌ಶಿಪ್ ಅಷ್ಟೇ ಅಲ್ಲ, ಗ್ರೀನ್ ಕಾರ್ಡ್ ಕೂಡ ಹೋಗುತ್ತೆ. ಪ್ಲೀಸ್ ಥ್ಯಾಂಕ್ ದಟ್ ಮ್ಯಾನ್!’

ಹದಿನಾಲ್ಕು ವರ್ಷ ಕಾದಿದ್ದೆವು ನಾವು. ಕೈಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಲು ಹೊರಟಿದ್ದೆ. ಆ ಮನುಷ್ಯ ನಾಲ್ಕು ಕುರ್ಚಿ ಆಚೆ ಕೂತಿದ್ದ. ಎದ್ದುಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ. ಮೇಲಿಂದ ಮೇಲೆ ಥ್ಯಾಂಕ್ಸ್ ಎಂದೆ.

‘ಪರವಾಗಿಲ್ಲ ಮೇಡಂ. ಆ ಚೌಕದ ಮೇಲೆ ಯಾರು ಪೆನ್ನಿಟ್ರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತೆ. ನಾಲ್ಕು ವರ್ಷದ ಹಿಂದೆ ನಾನೇ ಟಿಕ್ ಮಾಡಿದ್ದೆ’ ಅಂದ.

ಅವನ ಹೆಸರು ಇಯೋಸೆಫೋ. ಎಲ್ಲರೂ ಕರೆಯುವುದು ಸೆಫೋ. ಪೆಸಿಫಿಕ್ ಸಮುದ್ರದ ನಡುವಿನ ಅಮೆರಿಕನ್ ಸಮೋವಾ ದ್ವೀಪದವನು. ನೂರಕ್ಕೂ ಹೆಚ್ಚು ವರ್ಷದಿಂದ ಅದು ಅಮೆರಿಕದ ಬಾವುಟದ ಕೆಳಗೇ ಇದೆ. ಅವನಪ್ಪ ಅಮೆರಿಕದ ಸೈನ್ಯದಲ್ಲಿ ದುಡಿದವನು. ಸೆಫೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಜೇಬಿನಿಂದ ಅಮೆರಿಕದ ಪಾಸ್‌ಪೋರ್ಟ್ ತೆಗೆದು ತೋರಿಸಿದ. ಅದೇ ನೀಲಿ ಬಣ್ಣ, ಅದೇ ಹದ್ದಿನ ಮುದ್ರೆ. ‘ಮತ್ತೇನಪ್ಪಾ, ನೀನು ಸಿಟಿಜನ್ನೇ ಅಲ್ವಾ?’ ಅಂದೆ. ಅವನು ಕೊನೆಯ ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಇದನ್ನು ಹೊಂದಿರುವವರು ಅಮೆರಿಕದ ನ್ಯಾಷನಲ್, ಸಿಟಿಜನ್ ಅಲ್ಲ ಎಂದು ಅಚ್ಚಾಗಿತ್ತು. ಅಂದರೆ ಅಮೆರಿಕದವನು ಹೌದು, ಎಲ್ಲಿ ಬೇಕಾದರೂ ಇರಬಹುದು, ದುಡಿಯಬಹುದು, ಸೈನ್ಯದಲ್ಲಿ ಪ್ರಾಣವನ್ನೂ ಕೊಡಬಹುದು. ವೋಟು ಮಾತ್ರ ಹಾಕುವ ಹಾಗಿಲ್ಲ. ಅವನೂ ನನ್ನಂತೆಯೇ ಅರ್ಜಿ ತುಂಬಿ, ಬೆರಳಚ್ಚು ಕೊಟ್ಟು, ಪರೀಕ್ಷೆ ಬರೆದು ಸಿಟಿಜನ್ ಆಗಬೇಕು. ಅದೂ ಅವನ ದ್ವೀಪದಲ್ಲಿ ಕೂತು ಆಗುವುದಿಲ್ಲ, ಯಾವುದಾದರೊಂದು ರಾಜ್ಯಕ್ಕೆ ಬಂದು ನೆಲೆಸಬೇಕು.

ಅವನು ಆ ಚೌಕಕ್ಕೆ ಟಿಕ್ ಹಾಕಿದ್ದು ಈ ನೀಲಿ ಪಾಸ್‌ಪೋರ್ಟ್ ನಂಬಿಕೊಂಡು. ವೋಟರ್ ಕಾರ್ಡ್ ಅಂಚೆಯಲ್ಲಿ ಬಂದಾಗ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದನಂತೆ. ಅವಳು ಇಲ್ಲಿಯವಳೇ. ‘ಕೊನೆ ಪುಟ ಓದಿದೀಯಾ?’ ಎಂದು ಕೇಳಿದಳಂತೆ. ಒಂದು ಸಲವೂ ವೋಟು ಹಾಕದೆ, ಕೌಂಟಿ ಕಚೇರಿಗೆ ತಾನೇ ಕಾಗದ ಬರೆದು ಹೆಸರು ತೆಗೆಸಿದ. ಆದರೂ ಸಿಟಿಜನ್‌ಶಿಪ್ ಅರ್ಜಿ ಹಾಕಲು ಧೈರ್ಯ ಬಂದಿರಲಿಲ್ಲ.

‘ಮತ್ತೆ ಈಗ?’

‘ಈಗ ಹಾಕಿದೀನಿ. ಹಾಕಲೇಬೇಕಿತ್ತು. ನನಗೆ ಇಲ್ಲಿ ನಾನಿರೋ ಊರಿನ ಫೈರ್ ಡಿಪಾರ್ಟ್‌ಮೆಂಟ್ ಸೇರಬೇಕು. ಸಿಟಿಜನ್ ಆಗಿರಬೇಕು, ಮೂವತ್ತೈದು ತುಂಬಿರಬಾರದು. ನನಗೀಗಾಗಲೇ ಮೂವತ್ತನಾಲ್ಕು ತುಂಬಿದೆ.’

ಸುಮ್ಮನೆ ಥ್ಯಾಂಕ್ಸ್ ಹೇಳಿ ಬರುವ ಜಾಯಮಾನ ನನ್ನದಲ್ಲ. ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಲೈಬ್ರರಿಯ ಒಂದು ಕೋಣೆಯಲ್ಲಿ, ಸಿಟಿಜನ್‌ಶಿಪ್ ಪರೀಕ್ಷೆಗೆ ಓದುವ ನಾಲ್ಕಾರು ಹಿರಿಯರಿಗೆ ನಾನು ಪಾಠ ಹೇಳಿಕೊಡುತ್ತಿದ್ದೆ. ನನ್ನ ಪರೀಕ್ಷೆಯೂ ಬಾಕಿ ಇತ್ತು, ಇರಲಿ, ಕಲಿಸುತ್ತಾ ಕಲಿಯುವುದೇ ನನಗೆ ರೂಢಿ. ‘ಶನಿವಾರ ಹತ್ತು ಗಂಟೆಗೆ ಬಾ. ಇಡ್ಲಿ ತರ್ತೀನಿ’ ಎಂದು ಅಪ್ಪಣೆ ಮಾಡಿದೆ. ಬಂದ. ಲೈಬ್ರರಿಯ ಕುರ್ಚಿ ಅವನ ಕೆಳಗೆ ಕಿರುಗುಟ್ಟಿತು.

ನನ್ನ ಕ್ಲಾಸಿನ ರೀತಿ ಮಗ್ಗಿಯ ರೀತಿ. ನೂರು ಪ್ರಶ್ನೆ, ಒಟ್ಟಿಗೆ ಗಟ್ಟಿಯಾಗಿ ಉತ್ತರ. ಒಂದು ಪ್ರಶ್ನೆಗೆ ನಾಲ್ಕು ಸರಿಯುತ್ತರವಿದ್ದರೆ ಎಲ್ಲಕ್ಕಿಂತ ಚಿಕ್ಕದನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಅವತ್ತು ಅಮೆರಿಕದ ಒಂದು ಟೆರಿಟರಿಯ, ಅಂದರೆ ರಾಜ್ಯವಲ್ಲದಿದ್ದರೂ ಅಮೆರಿಕದ ಆಳ್ವಿಕೆಯಲ್ಲಿರುವ ಪ್ರದೇಶದ, ಹೆಸರು ಹೇಳಿ ಎಂಬ ಪ್ರಶ್ನೆ ಬಂತು. ಕ್ಲಾಸಿಗೆ ಕ್ಲಾಸೇ ಕೂಗಿತು, ‘ಗ್ವಾಮ್!’

ಹಿಂದಿನಿಂದ ಒಂದು ದೊಡ್ಡ ದನಿ ಮೆಲ್ಲಗೆ ಹೇಳಿತು, ‘ಅಮೆರಿಕನ್ ಸಮೋವಾ.’

ಎಲ್ಲರೂ ತಿರುಗಿ ನೋಡಿದರು. ‘ಅದು ನಮ್ಮ ಮನೆ’ ಅಂದ ಸೆಫೋ, ನಾಚಿಕೊಂಡು.

ಕಲಬುರಗಿಯ ರಜಾಕ್ ಸಾಹೇಬರು ನಮ್ಮ ಕ್ಲಾಸಿನ ಹಿರಿಯ ವಿದ್ಯಾರ್ಥಿ, ಮಗನ ಟೈರ್ ಅಂಗಡಿ ನೋಡಿಕೊಳ್ಳುವವರು. ಸೆಫೋ ತೋರಿಸಿದ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

‘ಅಲ್ರೀ ಟೀಚರ್, ಇವ್ನ ಕಡೆ ಪಾಸ್‌ಪೋರ್ಟೇ ಐತಲ್ರೀ. ಮತ್ತ ನಮ್ಮ ಜೋಡಿ ಇಲ್ಲ್ಯಾಕ ಕುಂತಾನ?’

ನಾನು ಕೊನೆಯ ಪುಟದ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಾಹೇಬರು ತಲೆ ಅಲ್ಲಾಡಿಸಿದರು. ‘ಅಂದ್ರ ಮನಿ ಮಗ ಹೌದು, ಊಟದ ಪಂಕ್ತ್ಯಾಗ ಎಲಿ ಇಲ್ಲ ಅಂದಂಗಾತು. ಎಂಥಾ ಅನ್ಯಾಯ ರೀ ಇದು! ನಾವು ಪರದೇಶಿಗಳು, ನಮಗ ಪರೀಕ್ಷಾ ಇಡ್ಲಿ. ಇವಂಗ್ಯಾಕ?’

ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಸೆಫೋ ಕುರ್ಚಿ ಅಲ್ಲಾಡುವ ಹಾಗೆ ನಕ್ಕ. ತನ್ನ ಊರಿನ ಎಲ್ಲರಿಗೂ ಇದು ಬೇಕೆಂದೇನಿಲ್ಲ ಎಂದೂ ಹೇಳಿದ. ನಮ್ಮ ನೆಲ, ನಮ್ಮ ಪದ್ಧತಿಗೆ ಧಕ್ಕೆಯಾದೀತು ಎಂದು ಬೇಡ ಎನ್ನುವವರೂ ಇದ್ದಾರಂತೆ. ‘ಆದ್ರೆ ಬೇಕು ಅನ್ನೋರಿಗಾದ್ರೂ ದಾರಿ ಸುಲಭ ಮಾಡಬಹುದಲ್ವಾ? ಕಾನೂನು ತರ್ತೀವಿ ಅಂತ ಮಾತು ಬರುತ್ತೆ, ಹೋಗುತ್ತೆ. ನನ್ನ ವಯಸ್ಸು ಕಾಯಲ್ಲ’ ಅಂದ. ಲೈಬ್ರರಿಗೆ ಬರುವ ನಮ್ಮ ಕಡೆಯ ಹುಡುಗರು ನನ್ನನ್ನು ಆಂಟಿ ಎನ್ನುವುದನ್ನು ಕೇಳಿ, ಅವತ್ತಿನಿಂದ ಅವನಿಗೂ ನಾನು ಆಂಟಿಯಾದೆ.

ಮಾರ್ಚಿನಲ್ಲಿ ಅವನಿಗೆ ಇಂಟರ್‌ವ್ಯೂ ಕರೆ ಬಂತು. ಅರ್ಜಿಯಲ್ಲೇ ಒಂದು ಪ್ರಶ್ನೆ ಇರುತ್ತದೆ: ನೀವು ಯಾವತ್ತಾದರೂ ವೋಟರ್ ಪಟ್ಟಿಗೆ ಹೆಸರು ನೋಂದಾಯಿಸಿದ್ದೀರಾ? ಅಧಿಕಾರಿ ಅದನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಕೇಳುತ್ತಾರೆ.

ಇಲ್ಲಿ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಮುಚ್ಚಿಟ್ಟರೆ ಈ ಬರಹವೇ ಸುಳ್ಳಾಗುತ್ತದೆ. ನಾನು ಅವನನ್ನು ಪಕ್ಕಕ್ಕೆ ಕರೆದು, ‘ನೋಡಪ್ಪಾ, ವೋಟಂತೂ ಹಾಕಿಲ್ಲ. ಹೆಸರೂ ತೆಗೆಸಿದೀಯ. ಇಲ್ಲ ಅಂದ್ಬಿಡು, ಮುಗೀತು. ಕೆದಕೋಕೆ ಯಾಕೆ ಹೋಗ್ತೀಯ?’ ಅಂದೆ. ಸಾಹೇಬರ ಎದುರು ತೊಂದರೆ ಎಳೆದುಕೊಳ್ಳಬಾರದು ಎನ್ನುವ ಅದೇ ಹಳೆಯ ಬುದ್ಧಿ. ಟೀಚರಮ್ಮನ ಬಾಯಲ್ಲಿ ಬಂದ ಮಾತು ಅದು!

ಸೆಫೋ ತಲೆ ಅಲ್ಲಾಡಿಸಿದ. ‘ಆಂಟಿ, ಅರ್ಜಿಯಲ್ಲಿ ಹೌದು ಅಂತಲೇ ಬರೆದಿದೀನಿ. ಗೊತ್ತಿಲ್ಲದೆ ಒಂದು ಸುಳ್ಳಿಗೆ ಸೈನ್ ಮಾಡಿದ್ದಕ್ಕೆ ನಾಲ್ಕು ವರ್ಷ ನಿದ್ದೆ ಕೆಡ್ತು. ಗೊತ್ತಿದ್ದೂ ಒಂದು ಹೇಳಿದ್ರೆ ಬೆಂಕಿ ಬಿದ್ದ ಮನೆಯೊಳಗೆ ನನ್ನ ನಂಬಿ ಯಾರು ಬರ್ತಾರೆ?’

ನಾಚಿಕೆಯಿಂದ ತಲೆ ತಗ್ಗಿತು. ಮಗಳಿಗೆ ಹೇಳಿದರೆ ಅವಳದ್ದು ಇನ್ನೊಂದು ಮಂಗಳಾರತಿ. ‘ಅಮ್ಮಾ, ಅವರ ಹತ್ರ ರೆಕಾರ್ಡ್ ಇರುತ್ತೆ! ಇಫ್ ಹಿ ಲೈಸ್, ಹಿ ಈಸ್ ಡನ್. ಒಬ್ಬ ಲಾಯರ್‌ನ ಕರ್ಕೊಂಡು ಹೋಗೋಕೆ ಹೇಳು, ಪ್ಲೀಸ್.’ ಅವಳೇ ಹುಡುಕಿ, ಇಂಥ ಕೇಸುಗಳನ್ನು ಉಚಿತವಾಗಿ ನೋಡುವ ಒಬ್ಬ ಲಾಯರಮ್ಮನ ನಂಬರ್ ಕೊಟ್ಟಳು.

ಇಂಟರ್‌ವ್ಯೂನಲ್ಲಿ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಕೊಟ್ಟ. ಒಂದು ಟೆರಿಟರಿಯ ಹೆಸರು ಹೇಳಿ ಎಂದೇ ಕೇಳಿದರಂತೆ! ‘ನೀನು ಏನಂದೆ?’ ಎಂದು ಕೇಳಿದರೆ, ‘ಗಾಬರಿಯಲ್ಲಿ ಗ್ವಾಮ್ ಅಂದ್ಬಿಟ್ಟೆ ಆಂಟಿ. ನಿಮ್ಮ ಕ್ಲಾಸಿನ ಪ್ರಭಾವ’ ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ತೀರ್ಮಾನ ಮಾತ್ರ ಅವತ್ತು ಬರಲಿಲ್ಲ. ಆ ಟಿಕ್‌ನ ವಿಷಯ ನೋಡಬೇಕು, ವೋಟು ಹಾಕಿಲ್ಲ ಎಂದು ಕೌಂಟಿಯಿಂದ ಪತ್ರ ತನ್ನಿ ಎಂದು ಫೈಲನ್ನು ಪಕ್ಕಕ್ಕಿಟ್ಟರು. ಪತ್ರ ಕೊಟ್ಟಾಯಿತು. ಏಪ್ರಿಲ್ ಹೋಯಿತು, ಮೇ ಹೋಯಿತು. ಅಷ್ಟರಲ್ಲಿ ನನ್ನ ಇಂಟರ್‌ವ್ಯೂ ಬಂತು.

ಅಧಿಕಾರಿ ಅದೇ ಪ್ರಶ್ನೆ ಕೇಳಿದರು. ಯಾವತ್ತಾದರೂ ವೋಟರ್ ಪಟ್ಟಿಗೆ ಸೇರಿದ್ದೀರಾ? ನಾನು ‘ಇಲ್ಲ’ ಎಂದೆ. ಆ ಇಲ್ಲ ನನ್ನದಲ್ಲ, ಸೆಫೋ ನನಗೆ ಕೊಟ್ಟದ್ದು. ಹತ್ತು ನಿಮಿಷದಲ್ಲಿ ಪಾಸಾದಿರಿ ಎಂದರು. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ನಮ್ಮವರು ಫೇಲಾದಳೆಂದು ತಿಳಿದು ‘ಹೋಗ್ಲಿ ಬಿಡೇ, ಇನ್ನೊಂದ್ಸಲ ಕೊಡ್ತಾರೆ’ ಎಂದು ಸಮಾಧಾನ ಮಾಡಿದರು. ಅಲ್ಲರೀ, ನಂದಾಯ್ತು, ಆ ಹುಡುಗನದು ಆಗಿಲ್ಲ ಎಂದು ಅಳುತ್ತಿದ್ದೇನೆ ಎಂದೆ. ಅವನಿಗೆ ಮೂವತ್ತೈದು ತುಂಬಲು ಆಗ ಮೂರು ತಿಂಗಳು ಉಳಿದಿತ್ತು.

ಜೂನ್ ಕೊನೆಗೆ ಫೋನ್ ಬಂತು. ಆ ದನಿಗೆ ಫೋನೇ ಬೇಕಿರಲಿಲ್ಲ. ‘ಆಂಟಿ! ಪ್ರಮಾಣವಚನಕ್ಕೆ ಕರೆದಿದಾರೆ!’ ತಾರೀಖು ಕೇಳಿದರೆ ನನ್ನದೇ ತಾರೀಖು, ನನ್ನದೇ ಹಾಲ್.

ಶಿಕಾಗೋ ಡೌನ್‌ಟೌನಿನ ದೊಡ್ಡ ಸಭಾಂಗಣ. ನಮ್ಮನ್ನು ನಂಬರ್ ಪ್ರಕಾರ ಕೂರಿಸಿದರು. ಸೆಫೋ ನನಗಿಂತ ಆರು ಸಾಲು ಮುಂದೆ. ಬಿಳಿ ಅಂಗಿ, ಸೊಂಟಕ್ಕೆ ಅವರ ಊರಿನ ಕಪ್ಪು ಪಂಚೆಯಂಥದ್ದು ಸುತ್ತಿಕೊಂಡು ಬಂದಿದ್ದ. ನಾನು ಉಟ್ಟದ್ದು ಮೈಸೂರು ರೇಷ್ಮೆ. ಮುಖ್ಯ ಅಧಿಕಾರಿ ಒಂದು ಹಾಳೆ ಹಿಡಿದು, ನಿಮ್ಮ ದೇಶದ ಹೆಸರು ಕರೆದಾಗ ಎದ್ದು ನಿಲ್ಲಿ, ಎಲ್ಲರೂ ನಿಂತ ಮೇಲೆ ಪ್ರಮಾಣ ಎಂದರು. ಇಂಡಿಯಾ ಎಂದಾಗ ಕಾಲು ಭಾಗ ಹಾಲ್ ಎದ್ದಿತು. ನಾನೂ ಎದ್ದೆ. ಇನ್ನು ಹಿಂದಿರುಗಿಸಬೇಕಾದ ನನ್ನ ಇಂಡಿಯಾದ ಪಾಸ್‌ಪೋರ್ಟ್ ನೆನಪಾಯಿತು. ಅದು ಬೇರೆ ಸಂಕಟ, ಅನುಭವಿಸಿದವರಿಗೇ ಗೊತ್ತು.

ಕೊನೆಯ ದೇಶದ ಹೆಸರೂ ಬಂತು. ಅಧಿಕಾರಿ ಹಾಳೆ ಮಡಚಿದರು. ಸೆಫೋ ನಿಂತರೆ ಎಲ್ಲರಿಗಿಂತ ಎತ್ತರ ಕಾಣಬೇಕು. ನಾನು ಹುಡುಕಿದೆ. ಆ ಗಂಟು ಹಾಕಿದ ತಲೆ ಎಲ್ಲೂ ಇಲ್ಲ. ಪಕ್ಕಕ್ಕೆ ಬಾಗಿ ನೋಡಿದರೆ, ನಿಂತವರ ನಡುವೆ ಅವನೊಬ್ಬನೇ ಕೂತಿದ್ದ. ಮಂಡಿಯ ಮೇಲೆ ಕೈ, ತಲೆ ಕೆಳಗೆ. ಅವನ ದ್ವೀಪ ಒಂದು ದೇಶವೇ ಅಲ್ಲವಲ್ಲ! ದೇಶಗಳ ಪಟ್ಟಿಯಲ್ಲಿ ಬಂದೇ ಇರಲಿಲ್ಲ.

ಅಧಿಕಾರಿ ಎಲ್ಲರೂ ಬಲಗೈ ಎತ್ತಿ ಎಂದರು. ಸುತ್ತಲೂ ಕೈಗಳು ಎದ್ದವು. ನಡುವೆ ಬಾಯಿ ಹಾಕಿದರೆ ಬೈದಾರು, ಹೊರಗೆ ಕಳಿಸಿಯಾರು ಎಂದು ನನ್ನೊಳಗಿನ ಇಲಿ ಕೀಚುಗುಟ್ಟುತ್ತಿತ್ತು. ಆದರೆ ಕಣ್ಣ ಮುಂದೆ ಬಂದದ್ದು ನನ್ನ ಕೈಗೂ ಪರದೆಗೂ ಮಧ್ಯೆ ಬಂದ ಆ ದೊಡ್ಡ ಕೈ. ಹದಿನಾರು ವರ್ಷ ಮಂಡ್ಯದ ಹುಡುಗರನ್ನು ಗದರಿಸಿದ ಗಂಟಲಿನಿಂದ ಕೂಗಿಬಿಟ್ಟೆ.

‘ಸರ್! ಸ್ಟಾಪ್! ಒನ್ ಪರ್ಸನ್ ಈಸ್ ಲೆಫ್ಟ್!’

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ನನ್ನತ್ತ ನೋಡಿದರು. ನಾನು ಕೈ ತೋರಿಸಿದೆ. ಅವರು ಇಳಿದು ಬಂದು, ‘ಸರ್, ನೀವು ಎಲ್ಲಿಯವರು?’ ಎಂದು ಸೆಫೋನನ್ನು ಕೇಳಿದರು.

‘ಅಮೆರಿಕನ್ ಸಮೋವಾ’ ಅಂದ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅಧಿಕಾರಿಯ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯ, ಸಮಜಾಯಿಷಿ ಹೇಳಲಿಲ್ಲ. ವೇದಿಕೆಗೆ ಹಿಂತಿರುಗಿ, ಮೈಕಿನಲ್ಲಿ ನಿಧಾನವಾಗಿ, ‘ಕ್ಷಮಿಸಿ. ಅಮೆರಿಕನ್ ಸಮೋವಾ’ ಎಂದರು. ಸೆಫೋ ಎದ್ದು ನಿಂತ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಚಪ್ಪಾಳೆ ಬಿತ್ತು. ಅವನು ತಿರುಗಿ ನನ್ನನ್ನು ನೋಡಿದ. ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಪ್ರಮಾಣ ಹೇಳಿದೆವು.

ಹೊರಗೆ ಅವನು ನನ್ನನ್ನು ಅಪ್ಪಿಕೊಂಡಾಗ ನನ್ನ ಕಾಲು ನೆಲ ಬಿಟ್ಟಿತ್ತು. ‘ಆ ಟಿಕ್‌ನಿಂದ ನನ್ನ ಹೆಸರು ತೆಗೆದುಹಾಕಿದಾರೆ ಅಂದ್ಕೊಂಡೆ ಆಂಟಿ. ಎದ್ದು ಮನೆಗೆ ಹೋಗೋಣ ಅಂತಿದ್ದೆ’ ಅಂದ. ಪರದೇಶದ ನಿಷ್ಠೆಯನ್ನೆಲ್ಲ ಬಿಡುತ್ತೇನೆ ಎನ್ನುವ ಸಾಲು ಹೇಳುವಾಗ ಏನು ಬಿಡಬೇಕೋ ತಿಳಿಯಲಿಲ್ಲ ಎಂದೂ ನಕ್ಕ. ‘ಬಿಡೋಕೆ ನನ್ನ ಹತ್ರ ಇನ್ನೊಂದು ದೇಶ ಎಲ್ಲಿತ್ತು?’

ಬಾಗಿಲ ಪಕ್ಕದಲ್ಲೇ ಒಂದು ಮೇಜು ಹಾಕಿಕೊಂಡು ಸ್ವಯಂಸೇವಕರು ಹೊಸ ಸಿಟಿಜನ್‌ಗಳನ್ನು ವೋಟರ್ ಪಟ್ಟಿಗೆ ಸೇರಿಸುತ್ತಿದ್ದರು. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು, ಹಿಂದೆ ನಿಂತವರು ಗೊಣಗಿದರೂ ಬಿಡದೆ, ಪ್ರತಿ ಸಾಲು ಓದಿದೆ. ಪಕ್ಕದಲ್ಲಿ ಸೆಫೋನ ಪೆನ್ನು ಒಂದು ಕಡೆ ನಿಂತುಹೋಗಿತ್ತು. ಅದೇ ಚೌಕ. ನೀವು ಅಮೆರಿಕದ ಸಿಟಿಜನ್ನೇ?

‘ಆಂಟಿ, ಹಾಕಬಹುದಾ?’

‘ಹೂಂ ಕಣಪ್ಪಾ. ಈಗ ಹಾಕು’ ಎಂದೆ, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು.

ಅವನು ಮೂವತ್ತೈದರ ಹುಟ್ಟುಹಬ್ಬಕ್ಕೆ ಇನ್ನೂ ಕೆಲವು ವಾರ ಇರುವಾಗಲೇ ಫೈರ್ ಡಿಪಾರ್ಟ್‌ಮೆಂಟಿನ ಪರೀಕ್ಷೆ ಬರೆದ. ಈಗ ಅಲ್ಲೇ ಕೆಲಸದಲ್ಲಿದ್ದಾನೆ. ಸಿಟಿಜನ್ ಆಗಿ ನಾನು ಬರೆದ ಮೊದಲ ಕಾಗದ ನಮ್ಮ ಕಾಂಗ್ರೆಸ್ ಪ್ರತಿನಿಧಿಗೆ. ಹುಟ್ಟಿನಿಂದ ಈ ಬಾವುಟದ ಕೆಳಗಿರುವವರಲ್ಲಿ ಬೇಕೆಂದು ಕೇಳುವವರಿಗೆ ದಾರಿ ಸುಲಭ ಮಾಡಿ ಎಂದು ಬರೆದೆ. ಎರಡು ಸಾಲಿನ ಉತ್ತರ ಬಂತು. ಮತ್ತೆ ಬರೆದೆ, ಬರೆಯುತ್ತಲೇ ಇರುತ್ತೇನೆ. ಈಗ ನನಗೆ ಕೌಂಟರಿನ ಆಚೆ ಯಾರು ಕೂತಿದ್ದರೂ ಹೆದರಿಕೆಯಿಲ್ಲ. ಓದಿ, ಅರ್ಥವಾಗದಿದ್ದರೆ ಕೇಳಿ, ಆಮೇಲೆ ಹೂಂ ಅನ್ನುತ್ತೇನೆ. ರಸ್ತೆಯಲ್ಲಿ ಫೈರ್ ಎಂಜಿನ್ ಸದ್ದು ಕೇಳಿದರೆ ಕಾರು ಪಕ್ಕಕ್ಕೆ ನಿಲ್ಲಿಸಿ, ಒಳಗೆ ಅವನಿರಲಿ ಬಿಡಲಿ, ಒಂದು ಕೈ ಎತ್ತುತ್ತೇನೆ. ನಮ್ಮವರೂ ಈಗ ಏನೂ ಅನ್ನದೆ ಜೊತೆಗೊಂದು ಕೈ ಎತ್ತುತ್ತಾರೆ.